ಬೆಟ್ಟ ಹತ್ತಿ ಬಂದವರೇ, ಸ್ವಲ್ಪ ಕುಳಿತುಕೊಳ್ಳಿ



ಈ ಪುಣ್ಯಕ್ಷೇತ್ರದ ಕಚೇರಿಯಲ್ಲಿ ನಾನು ಗುಮಾಸ್ತ. ಪೂಜೆ ಬರೆದುಕೊಳ್ಳುವುದು, ರಸೀದಿ ಹರಿದು ಕೊಡುವುದು, ಮೇಣದಬತ್ತಿ, ಜಪಸರ, ಹರಕೆ ಕಾಣಿಕೆಗಳ ಲೆಕ್ಕ ಇಡುವುದು ನನ್ನ ಕೆಲಸ. ನಾನು ಗುರುಗಳಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ. ಓದಿದ್ದು ಪಿ.ಯು.ಸಿ. ತನಕ. ಆದರೂ ಕೌಂಟರಿನ ಕಿಟಕಿಯ ಹಿಂದೆ ಕುಳಿತು ಇಷ್ಟು ವರ್ಷ ಕಂಡದ್ದನ್ನು, ಬೈಬಲ್ ಓದಿ ನನಗೆ ತಿಳಿದಷ್ಟನ್ನು ನಾಲ್ಕು ಮಾತಿನಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೌಂಟರಿನಲ್ಲಿ ದಿನಾ ನನ್ನ ಕಿವಿಗೆ ಬೀಳುವ ಪ್ರಶ್ನೆ ಯಾವುದು ಗೊತ್ತೇ? "ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತೆ?" ಯಾವಾಗ ಶುರುವಾಗುತ್ತೆ ಅಂತ ಕೇಳುವವರಿಗಿಂತ ಯಾವಾಗ ಮುಗಿಯುತ್ತೆ ಅಂತ ಕೇಳುವವರೇ ಜಾಸ್ತಿ. ಕೆಳಗೆ ಟೆಂಪೊ ಕಾಯುತ್ತಾ ಇರುತ್ತೆ. ಸಂಜೆಯೊಳಗೆ ಇನ್ನೆರಡು ಕಡೆ ಹೋಗಬೇಕು. ನಾಳೆ ಡ್ಯೂಟಿ ಇದೆ. ಮೆಟ್ಟಿಲು ಹತ್ತುತ್ತಲೇ ಜಪಸರ, ಬತ್ತಿ ಹಚ್ಚುತ್ತಲೇ ಫೋನು, ಕಾಣಿಕೆ ಹಾಕಿ ಫೋಟೊ ತೆಗೆದುಕೊಂಡರೆ ಯಾತ್ರೆ ಮುಗಿಯಿತು. ನಾನು ಯಾರನ್ನೂ ದೂರುತ್ತಿಲ್ಲ. ದೂರಬೇಕಾದರೆ ಮೊದಲು ನನ್ನನ್ನೇ ದೂರಬೇಕು. ಅದನ್ನೂ ಮುಂದೆ ಹೇಳುತ್ತೇನೆ.

ಊಟಕ್ಕೂ ಬಿಡುವಿಲ್ಲದ ಪ್ರೇಷಿತರು

ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ಯೇಸುಸ್ವಾಮಿ ತಮ್ಮ ಹನ್ನೆರಡು ಮಂದಿ ಪ್ರೇಷಿತರನ್ನು ಇಬ್ಬಿಬ್ಬರಾಗಿ ಹಳ್ಳಿಹಳ್ಳಿಗೆ ಕಳುಹಿಸಿದ್ದರು. ಅವರು ಬೋಧನೆ ಮಾಡಿ, ರೋಗಿಗಳನ್ನು ಗುಣಪಡಿಸಿ ಹಿಂತಿರುಗಿ ಬಂದು, ನಾವು ಹೀಗೆ ಮಾಡಿದೆವು, ಹಾಗೆ ಬೋಧಿಸಿದೆವು ಅಂತ ವರದಿ ಒಪ್ಪಿಸಿದರು. ನಮ್ಮ ಆಫೀಸುಗಳಲ್ಲಾದರೆ ಅಂಥವರಿಗೆ ಕೂಡಲೇ ಇನ್ನಷ್ಟು ಕೆಲಸ ಹಚ್ಚುತ್ತಾರೆ. ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಬರುವ ಹೋಗುವ ಜನರಿಂದ ಅವರಿಗೆ ಊಟ ಮಾಡಲೂ ಸಮಯವಿಲ್ಲದ್ದನ್ನು ಕಂಡು, ಜನವಿಲ್ಲದ ಜಾಗಕ್ಕೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳೋಣ ಬನ್ನಿ ಅಂತ ಕರೆದರು.

ಇಲ್ಲಿ ಒಂದು ವಿಷಯ ಗಮನಿಸಿ. ಪ್ರೇಷಿತರು ಮಾಡುತ್ತಿದ್ದದ್ದು ಕೆಟ್ಟ ಕೆಲಸವಲ್ಲ, ದೇವರದೇ ಕೆಲಸ. ಅದನ್ನು ಮಾಡುತ್ತಿದ್ದವರಿಗೂ ವಿಶ್ರಾಂತಿ ಬೇಕು ಎಂದವರು ಸ್ವತಃ ಪ್ರಭುವೇ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೋಣಿಯಲ್ಲಿ ಹೊರಟರೆ ಜನ ದಡದ ಮೇಲೆ ಓಡಿ ಇವರಿಗಿಂತ ಮುಂಚೆಯೇ ಅಲ್ಲಿಗೆ ತಲುಪಿದ್ದರು. ಪ್ರಭು ಸಿಡುಕಲಿಲ್ಲ. ಕನಿಕರಪಟ್ಟು ಬೋಧಿಸಿದರು. ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಗಂಡಸರಿಗೆ ಊಟವಾದದ್ದು ಅಂದೇ. ಆದರೆ ಅದಾದ ಮೇಲೆ ಏನು ಮಾಡಿದರು? ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಬೀಳ್ಕೊಟ್ಟು, ಪ್ರಾರ್ಥನೆ ಮಾಡಲು ಒಬ್ಬರೇ ಬೆಟ್ಟ ಹತ್ತಿದರು. ಕೆಲಸ ಬಂದಾಗ ಮಾಡಿದರು, ಆದರೆ ಬೆಟ್ಟವನ್ನು ಬಿಡಲಿಲ್ಲ. ಇವತ್ತು ನೀವು ಬೆಟ್ಟ ಹತ್ತಿ ಬಂದದ್ದೂ ಅದಕ್ಕೇ ತಾನೇ?

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ವಾರ್ಷಿಕ ಹಬ್ಬದ ನವೇನದ ಎಂಟನೇ ದಿನ. ಅಷ್ಟೂ ದಿನ ಬೆಳಿಗ್ಗೆ ಐದಕ್ಕೆ ಕೌಂಟರ್ ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುತ್ತಿದ್ದೆ. ಊಟ ನಿಂತುಕೊಂಡೇ. ದೇವರ ಕೆಲಸ ತಾನೇ ಅಂತ ಒಳಗೊಳಗೇ ಹೆಮ್ಮೆ ಬೇರೆ. ಬೇರೆಯವರ ಕೈಗೆ ಕೊಟ್ಟರೆ ಲೆಕ್ಕ ಕೆಡುತ್ತೆ ಅಂತ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ಗಂಡನ ಹೆಸರು ಹೇಳಿದರು. ಆಸ್ಪತ್ರೆಯಲ್ಲಿದ್ದಾರೆ, ಅವರ ಆರೋಗ್ಯಕ್ಕಾಗಿ ಪೂಜೆ ಬರೆದುಕೊಳ್ಳಿ ಅಂದರು. ನಾನು ತಲೆ ಎತ್ತಿ ಅವರ ಮುಖ ಕೂಡ ನೋಡಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ರೋಗಿಗಳಿಗೆ ಒಂದು ಪಟ್ಟಿ, ಮೃತರ ಆತ್ಮಶಾಂತಿಗೆ ಒಂದು ಪಟ್ಟಿ. ನಾನು ಆ ಹೆಸರು ಬರೆದದ್ದು ಮೃತರ ಪಟ್ಟಿಯಲ್ಲಿ.

ಸಂಜೆ ಪೂಜೆಯಲ್ಲಿ ಗುರುಗಳು ಬರೆದದ್ದನ್ನು ಬರೆದ ಹಾಗೆ ಓದಿದರು. ಪೂಜೆ ಮುಗಿದ ಮೇಲೆ ಆಕೆ ಕೌಂಟರಿಗೆ ಬಂದರು. ಬೈಯಲಿಲ್ಲ. ಕೈಯಲ್ಲಿ ರಸೀದಿ ಹಿಡಿದುಕೊಂಡು, "ಅಣ್ಣಾ, ಆಸ್ಪತ್ರೆಯಿಂದ ಯಾರಾದ್ರೂ ಇಲ್ಲಿಗೆ ಫೋನ್ ಮಾಡಿದ್ರಾ? ನನಗೆ ಹೇಳ್ಬಾರ್ದು ಅಂತ ಇಟ್ಟುಕೊಂಡಿದ್ದೀರಾ?" ಅಂತ ಕೇಳಿದರು.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಚೇರಿ ಫೋನಿನಿಂದ ಆಸ್ಪತ್ರೆಯಲ್ಲಿದ್ದ ಅವರ ಮೈದುನನಿಗೆ ಫೋನ್ ಹಚ್ಚಿಕೊಟ್ಟೆ. ಗಂಡ ಇದ್ದಾರೆ ಅಂತ ಗೊತ್ತಾದ ಮೇಲೆ ಆಕೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಮಾರನೇ ದಿನ ಬೆಳಿಗ್ಗೆ ಗುರುಗಳು ಅವರ ಆರೋಗ್ಯಕ್ಕಾಗಿಯೇ ಪೂಜೆ ಅರ್ಪಿಸಿದರು. ಆಮೇಲೆ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ನೀವು ಪೂಜೆಗೆ ಕುಳಿತು ಎಷ್ಟು ದಿನ ಆಯ್ತು?" ಎಲ್ಲದರ ಲೆಕ್ಕ ಇಡುವ ನನಗೆ ಈ ಲೆಕ್ಕ ಮಾತ್ರ ಸಿಗಲಿಲ್ಲ. ಸಾವಿರಾರು ಜನರ ಪ್ರಾರ್ಥನೆಯನ್ನು ಬರೆದುಕೊಂಡವನು ನಾನು. ನನ್ನ ಪ್ರಾರ್ಥನೆ ಯಾವ ಪುಟದಲ್ಲೂ ಇರಲಿಲ್ಲ.

ದಣಿದವನು ಮಾಡುವ ಪುಣ್ಯದ ಕೆಲಸವೂ ಇನ್ನೊಬ್ಬರಿಗೆ ಗಾಯ ಮಾಡುತ್ತೆ ಅಂತ ಅವತ್ತು ಕಲಿತೆ.

ವಿಶ್ರಾಂತಿ ದೇವರ ಆಜ್ಞೆ

ಕೆಲಸವೆಲ್ಲಾ ಮುಗಿದ ಮೇಲೆ ಸಮಯ ಉಳಿದರೆ ವಿಶ್ರಾಂತಿ ಅಂತ ನಾವು ತಿಳಿದಿದ್ದೇವೆ. ಕೆಲಸ ಯಾವತ್ತು ಮುಗಿಯುತ್ತೆ? ಪವಿತ್ರ ಗ್ರಂಥ ಹೇಳುವುದು ಬೇರೆ. ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸುವುದು ದೇವರ ಹತ್ತು ಆಜ್ಞೆಗಳಲ್ಲಿ ಒಂದು. ಕೊಲ್ಲಬಾರದು, ಕದಿಯಬಾರದು ಎನ್ನುವ ಆಜ್ಞೆಗಳ ಸಾಲಿನಲ್ಲೇ ಅದೂ ಇದೆ.

ಈ ಆಜ್ಞೆ ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡದ 20ನೆಯ ಅಧ್ಯಾಯದಲ್ಲಿ, ಸೃಷ್ಟಿಕರ್ತರು ಏಳನೆಯ ದಿನ ವಿಶ್ರಮಿಸಿದ್ದರಿಂದ ನೀವೂ ವಿಶ್ರಮಿಸಿ ಎಂಬ ಕಾರಣ ಕೊಟ್ಟಿದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಕಾರಣ ಬೇರೆ: ಈಜಿಪ್ಟಿನಲ್ಲಿ ನೀವು ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿ. ಗುಲಾಮನಿಗೆ ರಜೆ ಇಲ್ಲ. ದೇವರ ಮಕ್ಕಳಿಗೆ ಇದೆ. ಆಳುಮಕ್ಕಳಿಗೂ, ಪರದೇಶದವನಿಗೂ, ಎತ್ತು ಕತ್ತೆಗಳಿಗೂ ಆ ದಿನ ಬಿಡುವು ಕೊಡಬೇಕು ಅಂತ ಎರಡು ಕಡೆಯೂ ಇದೆ.

ಆದ್ದರಿಂದ ವಿಶ್ರಾಂತಿ ಎಂದರೆ ನಾವು ತೆಗೆದುಕೊಳ್ಳುವುದಷ್ಟೇ ಅಲ್ಲ, ಬೇರೆಯವರಿಗೆ ಕೊಡುವುದೂ ಹೌದು. ಭಾನುವಾರ ಗಂಡಸರು ಪೂಜೆ ಮುಗಿಸಿ ಬಂದು ಟಿ.ವಿ. ಮುಂದೆ ಕುಳಿತರೆ, ಅಡುಗೆಮನೆಯಲ್ಲಿ ಮನೆಯಾಕೆಗೆ ವಾರದ ಆರು ದಿನಕ್ಕಿಂತ ಹೆಚ್ಚಿನ ಕೆಲಸ. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನಿಗೆ ರಜೆ ಇದೆಯೇ? ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

"ನನಗೆ ಭಾನುವಾರವೂ ಡ್ಯೂಟಿ, ನಾನೇನು ಮಾಡಲಿ?" ಅನ್ನುವವರೂ ಇದ್ದಾರೆ. ಕೂಲಿಯವರು, ನರ್ಸುಗಳು, ಡ್ರೈವರುಗಳು, ಕಾವಲುಗಾರರು. ಧೈರ್ಯಗೆಡಬೇಡಿ. ಮೊದಲ ಶತಮಾನಗಳ ಕ್ರೈಸ್ತರಿಗೂ ಭಾನುವಾರ ರಜೆ ಇರಲಿಲ್ಲ. ಬೆಳಗಾಗುವ ಮುಂಚೆಯೇ ಸೇರಿ ಪ್ರಾರ್ಥಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರದ ರಜೆಯನ್ನು ಕಾನೂನು ಮಾಡಿದ್ದು ಕ್ರಿ.ಶ. 321ರಲ್ಲಿ. ಅದರಲ್ಲೂ ಹೊಲದ ಕೆಲಸಕ್ಕೆ ವಿನಾಯಿತಿ ಇತ್ತು. ದಿನ ಸಿಗದವರು ಗಳಿಗೆಯನ್ನಾದರೂ ದೇವರಿಗೆ ಎತ್ತಿಡಬಹುದು.

ಮಾರ್ತಳ ತಪ್ಪೇನು?

ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದ ಮಾರ್ತ, ಮರಿಯ ಅಕ್ಕತಂಗಿಯರ ಕಥೆ ಎಲ್ಲರಿಗೂ ಗೊತ್ತು. ಮಾರ್ತ ಅಡುಗೆ, ಉಪಚಾರದಲ್ಲಿ ಮುಳುಗಿದ್ದಳು. ಮರಿಯಳು ಪ್ರಭುವಿನ ಪಾದದ ಬಳಿ ಕುಳಿತು ಕೇಳುತ್ತಿದ್ದಳು. ಮಾರ್ತ ದೂರು ಹೇಳಿದಾಗ ಪ್ರಭು ಅವಳ ಅಡುಗೆಯನ್ನು ತೆಗಳಲಿಲ್ಲ. ಹಲವಾರು ವಿಷಯಗಳ ಚಿಂತೆಯಲ್ಲಿ ಅವಳ ಮನಸ್ಸು ಕದಡಿದ್ದನ್ನು ತೋರಿಸಿಕೊಟ್ಟರು. ಅತಿಥಿಗಾಗಿಯೇ ಎಲ್ಲಾ ಮಾಡುತ್ತಾ ಅತಿಥಿಯನ್ನೇ ಮರೆತದ್ದು ಅವಳ ತಪ್ಪು. ನನ್ನ ತಪ್ಪೂ ಅದೇ ಆಗಿತ್ತು.

ಪೋಪ್ ಫ್ರಾನ್ಸಿಸ್ ಅವರು 2014ರ ಡಿಸೆಂಬರ್ 22ರಂದು ವ್ಯಾಟಿಕನ್ನಿನ ಅಧಿಕಾರಿಗಳಿಗೆ ಹದಿನೈದು ಆತ್ಮಿಕ ಕಾಯಿಲೆಗಳ ಪಟ್ಟಿ ಕೊಟ್ಟರು. ಅದರಲ್ಲಿ ಎರಡನೆಯದು ಅತಿಯಾದ ಕೆಲಸದ ಕಾಯಿಲೆ. ಅದಕ್ಕೆ ಅವರು ಮಾರ್ತಳ ಹೆಸರನ್ನೇ ಇಟ್ಟರು. ಹಾಗಂತ ಧರ್ಮಸಭೆ ಮಾರ್ತಳನ್ನು ಕೈಬಿಟ್ಟಿಲ್ಲ. ಅವಳು ಸಂತಳು. ಜುಲೈ 29ರ ಅವಳ ಹಬ್ಬವನ್ನು 2021ರಿಂದ ಮಾರ್ತ, ಮರಿಯ, ಲಾಜರ ಮೂವರ ಹೆಸರಿನಲ್ಲೂ ಆಚರಿಸುತ್ತೇವೆ. ಕೆಲಸ ಮಾಡಿದವಳೂ, ಕುಳಿತು ಕೇಳಿದವಳೂ ಒಂದೇ ದಿನ ಒಂದೇ ಪೀಠದ ಮುಂದೆ.

ದಣಿದ ಪ್ರವಾದಿಗೆ ದೇವರು ಕೊಟ್ಟದ್ದು

ಕೆಲವರು ಇಲ್ಲಿಗೆ ಬರುವಾಗಲೇ ಸೋತುಹೋಗಿರುತ್ತಾರೆ. ಸಾಲ, ಕಾಯಿಲೆ, ಮಕ್ಕಳ ಚಿಂತೆ. "ಪ್ರಾರ್ಥನೆ ಮಾಡೋಕೂ ಶಕ್ತಿ ಇಲ್ಲ" ಅನ್ನುತ್ತಾರೆ. ಅಂಥವರು ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ಓದಬೇಕು. ಪ್ರವಾದಿ ಎಲೀಯ ಪ್ರಾಣಭಯದಿಂದ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ಸಾಯುತ್ತೇನೆ ಅಂದ. ದೇವರು ಬುದ್ಧಿ ಹೇಳಲಿಲ್ಲ. ಮೊದಲು ಮಲಗಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ಆಮೇಲೆ ನಲವತ್ತು ದಿನದ ನಡಿಗೆ, ಹೋರೇಬ್ ಬೆಟ್ಟ. ಅಲ್ಲಿ ಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರು ಸಿಗಲಿಲ್ಲ. ಮೆಲ್ಲನೆಯ ದನಿಯಲ್ಲಿ ಸಿಕ್ಕರು. ಮೆಲ್ಲನೆಯ ದನಿ ಕೇಳಬೇಕಾದರೆ ನಾವು ಸುಮ್ಮನಿರಬೇಕು.

ಇವತ್ತು ಇಲ್ಲಿ ಮಾಡಬಹುದಾದದ್ದು

1. ಬಂದ ಕೂಡಲೇ ಕೌಂಟರಿಗೆ ಓಡಬೇಡಿ. ಮೊದಲು ನೀರು ಕುಡಿದು, ದೇವಾಲಯದೊಳಗೆ ಹತ್ತು ನಿಮಿಷ ಏನೂ ಕೇಳದೆ ಕುಳಿತುಕೊಳ್ಳಿ. ನಿದ್ದೆ ಬಂದರೂ ನಾಚಿಕೆ ಬೇಡ. ಬಿರುಗಾಳಿಯಲ್ಲಿ ಪ್ರಭುವೂ ದೋಣಿಯಲ್ಲಿ ತಲೆದಿಂಬಿಟ್ಟು ಮಲಗಿದ್ದರು.

2. ಫೋನ್ ಆಫ್ ಮಾಡಿ. ಫೋಟೊ ಇಳಿಯುವಾಗ ತೆಗೆದುಕೊಳ್ಳಬಹುದು.

3. ಹರಕೆ ಒಂದೇ ತೀರಿಸಿದರೂ ಮನಸ್ಸಿಟ್ಟು ತೀರಿಸಿ. ಜೊತೆಯಲ್ಲಿ ಬಂದ ವಯಸ್ಸಾದವರನ್ನು ಅವಸರ ಮಾಡಬೇಡಿ.

4. ಮನೆಗೆ ಹೋದ ಮೇಲೆ ವಾರದಲ್ಲಿ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಆ ಹೊತ್ತು ದೇವರಿಗೆ, ಮನೆಯವರಿಗೆ. ಬೇರೆ ಕೆಲಸಕ್ಕಿಲ್ಲ.

ಕೊನೆಗೆ ಒಂದು ವಿನಂತಿ. ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸಿದಾಗ ಕಚೇರಿಯ ಶಟರ್ ಅರ್ಧ ಗಂಟೆ ಮುಚ್ಚಿರುತ್ತದೆ. ಆ ಘಟನೆಯಾದ ಮೇಲೆ ಗುರುಗಳು ಮಾಡಿದ ಏರ್ಪಾಟು ಅದು. ದಯಮಾಡಿ ಬೇಸರ ಪಡಬೇಡಿ, ಶಟರ್ ತಟ್ಟಬೇಡಿ. ಆ ಹೊತ್ತು ನಾನು ದೇವಾಲಯದ ಹಿಂದಿನ ಬೆಂಚಿನಲ್ಲಿ ತ್ರಿಕಾಲ ಪ್ರಾರ್ಥನೆ ಮುಗಿಸಿ ಸುಮ್ಮನೆ ಕುಳಿತಿರುತ್ತೇನೆ. ಆ ಹೆಣ್ಣುಮಗಳು ಮತ್ತೆ ಬಂದದ್ದು ನಾನು ಕಾಣೆ. ಅವರ ಯಜಮಾನರು ಏನಾದರೋ ತಿಳಿಯದು. ಆದರೆ ಆ ಹೆಸರನ್ನು ದಿನವೂ ಹೇಳುತ್ತೇನೆ, ಬದುಕಿರುವವರ ಪಟ್ಟಿಯಲ್ಲಿ. ನೀವೂ ಬನ್ನಿ, ಪಕ್ಕದಲ್ಲಿ ಜಾಗ ಇದೆ. ಹನ್ನೆರಡೂವರೆಗೆ ಶಟರ್ ಎತ್ತುತ್ತೇನೆ, ನಿಮ್ಮ ಮುಖ ನೋಡಿಯೇ ಪೂಜೆ ಬರೆದುಕೊಳ್ಳುತ್ತೇನೆ.

ಪ್ರಭು ನಿಮ್ಮೆಲ್ಲರಿಗೂ ಶಾಂತಿ ಸಮಾಧಾನ ಕೊಡಲಿ. ಕ್ಷೇಮವಾಗಿ ಊರು ಸೇರಿ.