ಹಳೇ ಲ್ಯಾಪ್‌ಟಾಪಿಗೆ ವೈಫೈ ಡಾಂಗಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನನ್ನ ಹಳೇ ಲ್ಯಾಪ್‌ಟಾಪಿಗೆ ತಮ್ಮನ ಮಗ ಲಿನಕ್ಸ್ ಮಿಂಟ್ 21 ಹಾಕಿಕೊಟ್ಟಿದ್ದಾನೆ. ಒಳಗಿನ ವೈಫೈ ಕೆಟ್ಟಿದೆ ಎಂದು ಅಂಗಡಿಯವರು ಚಿಕ್ಕದೊಂದು ಯುಎಸ್‌ಬಿ ಡಾಂಗಲ್ ಕೊಟ್ಟರು. ಚುಚ್ಚಿದರೆ ಪರದೆಯ ಮೇಲೆ ಸಿ.ಡಿ. ಚಿತ್ರ ಬರುತ್ತದೆ, ಒಳಗೆ ವಿಂಡೋಸಿನ ಫೈಲುಗಳಷ್ಟೇ ಇವೆ. ವೈಫೈ ಹೆಸರುಗಳು ಕಾಣುವುದೇ ಇಲ್ಲ. ಡಾಂಗಲ್ ಹಾಳಾಗಿದೆಯೇ? ಇಲ್ಲ, ಲ್ಯಾಪ್‌ಟಾಪನ್ನೇ ಗುಜರಿಗೆ ಹಾಕಬೇಕೇ?
– ಓದುಗರು, ಸಾಗರ

ಉತ್ತರ: ಗುಜರಿಯ ಮಾತು ಬೇಡ ಮೇಡಂ. ಆ ಸಿ.ಡಿ. ಚಿತ್ರ ಬರುತ್ತಿದೆ ಎಂದರೆ ಡಾಂಗಲ್‌ಗೆ ಜೀವವಿದೆ. ಈಗಿನ ಎಷ್ಟೋ ಡಾಂಗಲ್‌ಗಳು ವಿಂಡೋಸ್ ಡ್ರೈವರನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಚುಚ್ಚಿದ ಕೂಡಲೇ ಸಿ.ಡಿ. ಡ್ರೈವ್‌ನ ವೇಷದಲ್ಲಿ ಬಂದು, ಡ್ರೈವರ್ ಕೂತ ಮೇಲೆ ವೈಫೈ ಆಗುತ್ತವೆ. ಲಿನಕ್ಸಿಗೆ ಆ ಡ್ರೈವರ್ ಬೇಡ. ಹಾಗಾಗಿ ಡಾಂಗಲ್ ವೇಷ ಕಳಚದೆ ಹಾಗೇ ಕೂತಿದೆ.

ಮೊದಲು ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಚುಚ್ಚಿರುವ ಪ್ರತಿ ಯುಎಸ್‌ಬಿ ಸಾಧನಕ್ಕೂ ಒಂದೊಂದು ಸಾಲು ಬರುತ್ತದೆ. ನಡುವೆ ಕೋಲನ್ ಇರುವ ಎಂಟು ಅಕ್ಷರಗಳ ಗುರುತನ್ನು ಬರೆದಿಟ್ಟುಕೊಳ್ಳಿ. ರಿಯಲ್‌ಟೆಕ್ ಡಾಂಗಲ್ ಸಿ.ಡಿ. ವೇಷದಲ್ಲಿದ್ದರೆ ಸಾಮಾನ್ಯವಾಗಿ 0ಬಿಡಿಎ:1ಎ2ಬಿ ಎಂದಿರುತ್ತದೆ. ಈಗ ಸಿ.ಡಿ. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಎಜೆಕ್ಟ್’ ಆರಿಸಿ, ತುಸು ತಡೆದು ಅದೇ ಆದೇಶ ಮತ್ತೆ ಕೊಡಿ. ಗುರುತು ಬದಲಾಗಿದ್ದರೆ ವೇಷ ಕಳಚಿತು ಎಂದರ್ಥ. ಪ್ರತಿ ಸಲ ಕೈಯಾರೆ ಮಾಡುವುದು ಬೇಡವೆಂದರೆ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜಿಗೆ ಈ ಕೆಲಸ ಒಪ್ಪಿಸಬಹುದು.

ಹೊಸ ಗುರುತು 0ಬಿಡಿಎ:ಸಿ811 ಎಂದು ಬಂದರೆ ಒಳಗಿರುವುದು ರಿಯಲ್‌ಟೆಕ್ 8811ಸಿಯು ಬಳಗದ ಚಿಪ್. ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನೆಲ್‌ನ 6.2ನೇ ಆವೃತ್ತಿಯಿಂದ ಒಳಗೇ ಇದೆ. ಮಿಂಟ್ 21 ಮೊದಲಿಗೆ ಬರುವುದು 5.15ರ ಜೊತೆ. ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಲಿನಕ್ಸ್ ಕರ್ನೆಲ್ಸ್’ ತೆರೆದರೆ 6.8 ಸಿಗುತ್ತದೆ, ಅದನ್ನು ಹಾಕಿಕೊಂಡು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ.

ವೈಫೈಯೇ ಇಲ್ಲದೆ ಇದನ್ನೆಲ್ಲ ಇಳಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತೀರಿ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಡೇಟಾ ಸಾಗಿಸುವ ಕೇಬಲ್ ಆಗಿರಬೇಕು, ಅಷ್ಟೇ. ಬೇರೆ ಡ್ರೈವರ್ ಬೇಕಿಲ್ಲ.

ಒಳಗಿನ ವೈಫೈ ನಿಜಕ್ಕೂ ಕೆಟ್ಟಿದೆಯೇ ಎಂಬ ಇನ್ನೊಂದು ಅನುಮಾನವಿದೆ. ಹಳೇ ಕಾಲದ ಎಷ್ಟೋ ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈಫೈ ಆನ್-ಆಫ್ ಮಾಡುವ ಪುಟ್ಟ ಸ್ವಿಚ್ ಇರುತ್ತಿತ್ತು. ಒರೆಸುವಾಗ ಅದು ಜರುಗಿದರೂ ವೈಫೈ ಸತ್ತಂತೆಯೇ ಕಾಣುತ್ತದೆ. ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಟ್ಟು ನೋಡಿ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಸ್ವಿಚ್ ಹುಡುಕಿ. ಡಾಂಗಲ್ಲೇ ಬೇಕಾಗದೆ ಹೋಗಬಹುದು.

ಪ್ರಶ್ನೆ: ನನ್ನ ಡಾಂಗಲ್‌ನಲ್ಲಿ ರಿಯಲ್‌ಟೆಕ್ 8821ಎಯು ಚಿಪ್ ಇದೆ. ಡ್ರೈವರ್‌ನ ಸೋರ್ಸ್ ಕೋಡ್ ಇಳಿಸಿ, ಕಂಪೈಲ್ ಮಾಡಿ ಹಾಕಿದೆ. ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ಅಪ್‌ಡೇಟ್ ಆದ ಮೇಲೆ ವೈಫೈ ಮಾಯ.
– ಡಿಪ್ಲೊಮಾ ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಕೈಯಾರೆ ಕಟ್ಟಿದ ಡ್ರೈವರ್ ಯಾವ ಕರ್ನೆಲ್‌ಗಾಗಿ ಕಟ್ಟಿದಿರೋ ಅದಕ್ಕೆ ಮಾತ್ರ ಹೊಂದುತ್ತದೆ. ಅಪ್‌ಡೇಟ್‌ನಲ್ಲಿ ಕರ್ನೆಲ್ ಬದಲಾಯಿತು, ಡ್ರೈವರ್ ಹಿಂದೆಯೇ ಉಳಿಯಿತು. ಸದ್ಯಕ್ಕೆ ಬೂಟ್ ಆಗುವಾಗ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೇ ಕರ್ನೆಲ್ ಆರಿಸಿ, ವೈಫೈ ವಾಪಸ್ ಬರುತ್ತದೆ.

ಕರ್ನೆಲ್ ಬದಲಾದಾಗಲೆಲ್ಲ ಡ್ರೈವರನ್ನು ತಾನಾಗಿ ಮರುಕಟ್ಟುವ ಡಿಕೆಎಂಎಸ್ ಎಂಬ ವ್ಯವಸ್ಥೆ ಇದೆ. ಅದಕ್ಕೆ ಆಯಾ ಕರ್ನೆಲ್‌ನ ಹೆಡರ್ಸ್ ಪ್ಯಾಕೇಜೂ ಜೊತೆಗಿರಬೇಕು. ಆದರೆ ನಿಮಗೆ ಆ ಹಾದಿಯನ್ನು ಹೇಳಲು ನನಗೆ ಮನಸ್ಸಿಲ್ಲ. 8821ಎಯುಗೆ 2025ರ ಮಾರ್ಚ್‌ನಲ್ಲಿ ಬಂದ 6.14ನೇ ಕರ್ನೆಲ್‌ನಲ್ಲೇ ಬೆಂಬಲ ಇದೆ. ಆ ಕರ್ನೆಲ್ ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಂಡು, ನೀವು ಕಟ್ಟಿದ್ದನ್ನು ಪೂರ್ತಿ ತೆಗೆದುಬಿಡಿ. ಒಂದೇ ಚಿಪ್‌ಗೆ ಎರಡು ಡ್ರೈವರ್ ಇದ್ದರೆ ಕಿತ್ತಾಟ ಖಂಡಿತ. ಕಂಪೈಲ್ ಮಾಡಲು ಕಲಿತದ್ದು ವ್ಯರ್ಥವಲ್ಲ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ತೆರೆಯಬೇಕಾದಾಗ ವೈಫೈ ಕೈಕೊಡಬಾರದು.

ಪ್ರಶ್ನೆ: ಲಿನಕ್ಸಿಗೆ ಯಾವ ಕಂಪನಿಯ ಡಾಂಗಲ್ ಕೊಳ್ಳಲಿ?
– ಓದುಗರು, ಗದಗ

ಉತ್ತರ: ಕಂಪನಿ ಬಿಡಿ, ಚಿಪ್ ಕೇಳಿ. ಉದಾಹರಣೆಗೆ ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ನೋಡಿ. ಅದರ 1ನೇ ಆವೃತ್ತಿಯಲ್ಲಿದ್ದದ್ದು ಅಥೆರೋಸ್ ಎಆರ್9271, ಲಿನಕ್ಸ್ ಬಳಗದ ಅಚ್ಚುಮೆಚ್ಚು. 2ನೇ ಆವೃತ್ತಿಯಿಂದ ಹೊರಗಿನ ಹೆಸರು ಹಾಗೇ ಇಟ್ಟು ಒಳಗೆ ರಿಯಲ್‌ಟೆಕ್ 8188 ಬಳಗದ ಚಿಪ್ ಕೂರಿಸಿದರು. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿರುವ ಆವೃತ್ತಿ ಸಂಖ್ಯೆ ಓದದೆ ಹಣ ಕೊಡಬೇಡಿ.

ಕಡಿಮೆ ಬೆಲೆಯಲ್ಲಿ ಸಾಕೆಂದರೆ ಎಂಟಿ7601ಯು ಚಿಪ್ ಇರುವುದನ್ನು ಕೊಳ್ಳಿ, ಅದಕ್ಕೆ ಕರ್ನೆಲ್‌ನಲ್ಲಿ 2015ರಿಂದಲೇ ಡ್ರೈವರ್ ಇದೆ. ಅದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್ ಕೂಡ ಬೇಕಾದರೆ ಎಂಟಿ7612ಯು ಹುಡುಕಿ. ನಿಮ್ಮದು ಡೆಬಿಯನ್ 11 ಅಥವಾ ಅದಕ್ಕಿಂತ ಹಳೆಯದಾದರೆ ಎಂಟಿ7601ಯುಗೆ ಬೇಕಾದ ಫರ್ಮ್‌ವೇರ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಿದ್ದು 2023ರ ಡೆಬಿಯನ್ 12ರಿಂದ.