ಮಕ್ಕಳ ನೆಗಡಿ ಎದೆಗೆ ಇಳಿದಾಗ

ನೆಗಡಿಯನ್ನು ನಾವು ರೋಗವೆಂದೇ ಎಣಿಸುವುದಿಲ್ಲ. ಔಷಧ ತೆಗೆದುಕೊಂಡರೆ ಏಳು ದಿನ, ಬಿಟ್ಟರೆ ಒಂದು ವಾರ ಎಂಬ ಮಾತು ರೂಢಿಯಲ್ಲಿದೆ. ದೊಡ್ಡವರ ಮಟ್ಟಿಗೆ ಇದು ನಿಜವೇ. ಆದರೆ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಎಳೆಯ ಮಕ್ಕಳಲ್ಲಿ ಪದೇ ಪದೇ ಕಾಣಿಸುವ ವೈರಾಣುಗಳಲ್ಲಿ ಇದೇ ನೆಗಡಿಯ ರೈನೋವೈರಾಣುವೂ ಒಂದು.

ಗ್ರೀಕ್ ಭಾಷೆಯಲ್ಲಿ ‘ರೈನೋ’ ಎಂದರೆ ಮೂಗು. 1950ರ ದಶಕದಲ್ಲಿ ಪತ್ತೆಯಾದ ಈ ವೈರಾಣುವಿನಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಆದ್ದರಿಂದ ಒಮ್ಮೆ ಬಂದ ನೆಗಡಿ ಮುಂದಿನದನ್ನು ತಡೆಯದು, ಲಸಿಕೆಯೂ ಇಲ್ಲ. ಸುಮಾರು 33 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಇದು ಚೆನ್ನಾಗಿ ಬೆಳೆಯುವುದರಿಂದ ಮೂಗಿಗಷ್ಟೇ ಸೀಮಿತವೆಂದು ಬಹುಕಾಲ ನಂಬಲಾಗಿತ್ತು. ಅದು ಶ್ವಾಸನಾಳಗಳಿಗೂ ಇಳಿಯುತ್ತದೆಂದು ಈಗ ತಿಳಿದಿದೆ. 2006ರಲ್ಲಿ ಗುರುತಿಸಿದ ‘ಸಿ’ ಗುಂಪಿಗೂ ಮಕ್ಕಳ ಉಬ್ಬಸಕ್ಕೂ ನಿಕಟ ಸಂಬಂಧವಿದೆ. ಚರಕಸಂಹಿತೆಯು ತಮಕಶ್ವಾಸವನ್ನು ವಿವರಿಸುವಾಗ ಪೀನಸವನ್ನೂ ಗಂಟಲಿನ ಗುರುಗುರು ಸದ್ದನ್ನೂ ಜೊತೆಯಾಗಿಯೇ ಹೇಳಿರುವುದು ಇಲ್ಲಿ ಸ್ಮರಣೀಯ.

ನೆಗಡಿಯಾದ ಮಗು ಶಾಂತವಾಗಿರುವಾಗ ಅದರ ಹೊಟ್ಟೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ಮಂಕಾಗುವುದು, ತುಟಿ ನೀಲಿಯಾಗುವುದು ಅಪಾಯದ ಚಿಹ್ನೆಗಳು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆರೋಗ್ಯ ಕೇಂದ್ರಕ್ಕೆ, ಅಗತ್ಯವಿದ್ದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಆ್ಯಂಟಿಬಯೋಟಿಕ್ ಇದರ ಮೇಲೆ ನಡೆಯದು. ಆದರೆ ಸಕಾಲದಲ್ಲಿ ದೊರೆತ ಆಮ್ಲಜನಕವೂ ಆರೈಕೆಯೂ ಮಗುವನ್ನು ಉಳಿಸುತ್ತವೆ.

ಆಯುರ್ವೇದದ ಹೆಸರಿನಲ್ಲಿ ನಡೆಯುವ ಕೆಲವು ರೂಢಿಗಳನ್ನು ಆಯುರ್ವೇದ ವೈದ್ಯರಾದ ನಾವೇ ಬೇಡವೆನ್ನುತ್ತೇವೆ. ಶಿಶುವಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶ ಸೇರಿ ಹಾನಿ ಮಾಡೀತು. ಕರ್ಪೂರವು ಎಳೆಯ ಮಕ್ಕಳಲ್ಲಿ ಸೆಳೆತವನ್ನು ಉಂಟುಮಾಡಬಲ್ಲುದು. ವರ್ಷ ತುಂಬದ ಮಗುವಿಗೆ ಜೇನು ಸಲ್ಲದು. ತಾಯಿಯ ಹಾಲನ್ನು ಮಾತ್ರ ಎಂದಿಗೂ ನಿಲ್ಲಿಸಬಾರದು.

ಇನ್ನೊಂದು ಮುಖ್ಯ ಮಾತು. ಮಗು ಆಸ್ಪತ್ರೆ ಸೇರಿತೆಂದರೆ ಅಳವಂಡಿಯ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಬಂಧುಬಳಗವೆಲ್ಲ ನೋಡಲು ಹೊರಡುತ್ತದೆ. ಪ್ರೀತಿ ದೊಡ್ಡದು, ಆದರೆ ಅದರೊಂದಿಗೆ ನೆಗಡಿಯೂ ಹೋಗುತ್ತದೆ. ಮೂಗೊರೆಸಿದ ಕೈ ಮಂಚದ ಕಂಬಿಯನ್ನೋ ಮಗುವಿನ ಕೆನ್ನೆಯನ್ನೋ ಮುಟ್ಟಿದರೆ ಸಾಕು. ಪಕ್ಕದ ಹಾಸಿಗೆಯಲ್ಲಿ ಹೃದಯದ ತೊಂದರೆಯುಳ್ಳ ಅಥವಾ ಅವಧಿಗೆ ಮೊದಲೇ ಹುಟ್ಟಿದ ಕೂಸು ಮಲಗಿರಬಹುದು. ನಮಗೆ ಅಲ್ಪವಾದುದು ಅದಕ್ಕೆ ಪ್ರಾಣಾಂತಿಕವಾದೀತು. ಆದ್ದರಿಂದ ಸದ್ಭಕ್ತರು ನೆಗಡಿಯಿದ್ದಾಗ ಮಕ್ಕಳ ವಾರ್ಡಿಗೆ ಹೋಗದಿರಲಿ. ಮಗುವಿನ ಬಳಿ ಒಬ್ಬರೇ ಇರಲಿ. ಅವರು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಲಿ. ಉಳಿದವರು ಮನೆಯಲ್ಲಿದ್ದೇ ಬುತ್ತಿ ಕಟ್ಟಿ ಕಳುಹಿಸಿದರೆ ಅದೇ ಆ ಮಗುವಿಗೆ ಮಾಡಿದ ಸೇವೆ.