ಹಬ್ಬದ ಅಡುಗೆ: ಉಂಡ ನೆಂಟರು ಸುಖವಾಗಿ ಊರು ಸೇರಲಿ



ಯುಗಾದಿ ನಮ್ಮ ವರ್ಷದ ಮೊದಲ ಹಬ್ಬ. ಸುಗ್ಗಿ ಮುಗಿದು, ಕಣ ಬರಿದಾಗಿ, ಮನೆಯಲ್ಲಿ ಕಾಳು-ಕಡ್ಡಿ ಇರುವ ಕಾಲ. ಪಟ್ಟಣ ಸೇರಿದ ಮಕ್ಕಳು ಬರುತ್ತಾರೆ. ಕೊಟ್ಟ ಹೆಣ್ಣುಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ತವರಿಗೆ ಬರುತ್ತಾರೆ. ದಿನವೂ ಐದು ಜನಕ್ಕೆ ಬೇಯುವ ಒಲೆಯ ಮೇಲೆ ಅಂದು ಇಪ್ಪತ್ತು ಜನಕ್ಕೆ ಬೇಯಬೇಕು. ಹಳೇ ಮೈಸೂರು ಸೀಮೆಯಲ್ಲಿ ಮೊದಲ ದಿನ ಬೇವು-ಬೆಲ್ಲ ಮತ್ತು ಹೋಳಿಗೆ. ಮಾರನೆಯ ದಿನ ಹೊಸತೊಡಕು, ಬಾಡೂಟ.

ಆದರೆ ಇದು ಬೇಸಿಗೆಯ ಹಬ್ಬವೂ ಹೌದು. ಮಾರ್ಚ್-ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಡುಗೆ ಬೇಗ ಕೆಡುತ್ತದೆ. ಪ್ರೀತಿಯಿಂದ ಬಡಿಸಿದ ಊಟವೇ ನೆಂಟರಿಗೆ ಕಾಯಿಲೆ ತರಬಾರದು. ಆದ್ದರಿಂದ ಹಬ್ಬದ ಅಡುಗೆಯನ್ನು ಅಳತೆಯಿಂದ, ಕ್ರಮದಿಂದ ಮಾಡುವುದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಕೆಟ್ಟದ್ದು ಹೇಗೆ?

ಒಂದು ಮನೆಯನ್ನು ಊಹಿಸಿಕೊಳ್ಳಿ. ಹಬ್ಬದ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ತಪ್ಪಲೆಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಅನ್ನ ಬಸಿದರು. ಪೂಜೆ ಮುಗಿದು ಊಟಕ್ಕೆ ಕುಳಿತಾಗ ಎರಡು ಗಂಟೆ. ಹೋಳಿಗೆ ತಿಂದವರಿಗೆ ಅನ್ನ ಹೆಚ್ಚು ಸೇರಲಿಲ್ಲ. ಅರ್ಧ ತಪ್ಪಲೆ ಉಳಿಯಿತು. ಅದನ್ನು ಮುಚ್ಚಿಟ್ಟು, ಮಾರನೆಯ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರು. ಹತ್ತು ಗಂಟೆಯ ಹೊತ್ತಿಗೆ ಮಕ್ಕಳಿಗೆ ವಾಂತಿ ಹಿಡಿಯಿತು. ಹಿರಿಯರು ದೃಷ್ಟಿ ತಾಕಿತೆಂದು ನಿವಾಳಿಸಿದರು.

ತಾಕಿದ್ದು ದೃಷ್ಟಿಯಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಇರುವುದುಂಟು. ಅನ್ನ ಕುದಿದರೂ ಅವು ಸಾಯುವುದಿಲ್ಲ. ಗುಡ್ಡೆಯಾಗಿ ಮುಚ್ಚಿಟ್ಟ ಅನ್ನದ ನಡುಭಾಗ ಬಹಳ ಹೊತ್ತು ಉಗುರುಬೆಚ್ಚಗೆ ಇರುತ್ತದೆ. ಆ ಬೆಚ್ಚಗಿನಲ್ಲಿ ಬೀಜಕಗಳು ಮೊಳೆತು ವಿಷವನ್ನುಂಟುಮಾಡುತ್ತವೆ. ಆ ವಿಷ ಒಗ್ಗರಣೆಯ ಕಾವಿಗೂ ಜಗ್ಗುವುದಿಲ್ಲ. ವಾಸನೆ ಕೆಡದಿದ್ದರೂ ವಿಷ ಇರಬಹುದು. ಆದ್ದರಿಂದ “ಮೂಸಿ ನೋಡಿದೆ, ಚೆನ್ನಾಗಿದೆ” ಎಂಬ ಪರೀಕ್ಷೆ ಸಾಲದು.

ನಿಯಮ ಇಷ್ಟೇ. ಬೇಯಿಸಿದ ಪದಾರ್ಥ ಒಲೆಯಿಂದ ಇಳಿದು ಆರತೊಡಗಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ಮೀರಿದ ದಿನ ಒಂದೇ ಗಂಟೆ. ಹಬೆಯಾಡುವಷ್ಟು ಬಿಸಿಯಾಗಿರಬೇಕು, ಇಲ್ಲವೇ ಫ್ರಿಜ್‌ನಲ್ಲಿ ತಣ್ಣಗಿರಬೇಕು. ನಡುವಿನ ಉಗುರುಬೆಚ್ಚಗೆಯೇ ಅಪಾಯ.

2. ಅಳತೆ ಮಾಡಿ ಬೇಯಿಸಿ

ಉಳಿಯದಂತೆ ಬೇಯಿಸುವುದೇ ಕೆಡದಂತೆ ಕಾಯುವ ಮೊದಲ ಉಪಾಯ. ಹಬ್ಬದ ದಿನ 20 ಜನಕ್ಕೆ ಈ ಅಳತೆ ಸಾಮಾನ್ಯವಾಗಿ ಸಾಕಾಗುತ್ತದೆ:

ಹೋಳಿಗೆಗೆ ಬೇಳೆ 1 ಕಿಲೊ, ಬೆಲ್ಲ 1 ಕಿಲೊ, ಮೈದಾ ಅಥವಾ ಚಿರೋಟಿ ರವೆ ಸುಮಾರು 650 ಗ್ರಾಂ. ಇದರಿಂದ ನಿಂಬೆಹಣ್ಣಿನ ಗಾತ್ರದ ಹೂರಣದ ಉಂಡೆಯಂತೆ 40ರಷ್ಟು ಹೋಳಿಗೆಯಾಗುತ್ತವೆ, ತಲೆಗೆ ಎರಡು.

ಅನ್ನಕ್ಕೆ ಅಕ್ಕಿ 2 ಕಿಲೊ. ತಲೆಗೆ 100 ಗ್ರಾಂ. ಪಲ್ಯಕ್ಕೆ ತರಕಾರಿ 2 ಕಿಲೊ. ಕೋಸಂಬರಿಗೆ ಹೆಸರುಬೇಳೆ 400 ಗ್ರಾಂ ಮತ್ತು ಸೌತೆಕಾಯಿ.

ಅಕ್ಕಿಯನ್ನು ಒಂದೇ ಸಲಕ್ಕೆ ಬೇಯಿಸದೆ ಎರಡು ಸರತಿಯಲ್ಲಿ ಬೇಯಿಸಿ. ಮೊದಲ ಪಂಕ್ತಿ ಎದ್ದ ಮೇಲೆ ಎಷ್ಟು ಬೇಕೆಂಬುದು ತಿಳಿಯುತ್ತದೆ. ಆಗ ಎರಡನೆಯದನ್ನು ಇಟ್ಟರೆ ಬಿಸಿ ಅನ್ನವೂ ಸಿಗುತ್ತದೆ, ಉಳಿತಾಯವೂ ಆಗುತ್ತದೆ.

3. ಹೋಳಿಗೆ ಮತ್ತು ಸಾರು

ತೊಗರಿಬೇಳೆಯನ್ನಾಗಲಿ ಕಡಲೆಬೇಳೆಯನ್ನಾಗಲಿ ತೊಳೆದು, ಕುದಿಯುವ ನೀರಿಗೆ ಹಾಕಿ. ಬೆರಳಿನಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಆದರೆ ಕರಗಿ ಹೋಗಬಾರದು. ಕಟ್ಟನ್ನು ಪೂರಾ ಬಸಿದು ಬೇರೆ ಇಡಿ. ಬೇಳೆಗೆ ಬೆಲ್ಲ ಸೇರಿಸಿ, ನೀರಿನಂಶ ಆರುವವರೆಗೆ ಕೈಯಾಡಿಸಿ. ಬೆಲ್ಲದಲ್ಲಿ ಕಸವಿದ್ದರೆ ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಬೇಕು. ಬಿಸಿಯಾಗಿರುವಾಗಲೇ ಏಲಕ್ಕಿ ಹಾಕಿ ರುಬ್ಬಿ. ಹೂರಣವು ಕೈಗಂಟದೆ ಉಂಡೆಯಾದರೆ ಹದ ಬಂತೆಂದು ತಿಳಿಯಿರಿ. ಹೂರಣ ನೀರಾದರೆ ಹೋಳಿಗೆ ಹರಿಯುತ್ತದೆ, ಬೇಗ ಹಳಸುತ್ತದೆ.

ಕಣಕವನ್ನು ಅರಿಸಿನ, ಚಿಟಿಕೆ ಉಪ್ಪು ಹಾಕಿ ಮೆತ್ತಗೆ ಕಲಸಿ, ಎಣ್ಣೆ ಹಾಕಿ ನಾದಿ ಎರಡು ಗಂಟೆ ಮುಚ್ಚಿಡಿ. ಬಣ್ಣಕ್ಕೆ ಮನೆಯ ಅರಿಸಿನವೇ ಸಾಕು. ಅಂಗಡಿಯ ಹಳದಿ ಬಣ್ಣದ ಪುಡಿ ಬೇಡ.

ಬೇಯಿಸಿದ ಹೋಳಿಗೆಯನ್ನು ಬಿಸಿಯಾಗಿರುವಾಗ ಒಂದರ ಮೇಲೊಂದು ಪೇರಿಸಬಾರದು. ಪೇರಿಸಿದರೆ ಬೆವರುತ್ತವೆ, ಆ ತೇವದಿಂದಲೇ ಬೂಸಲು ಹತ್ತುತ್ತದೆ. ಒಣಗಿದ ಶುಭ್ರವಾದ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಆರಿಸಿ, ಆಮೇಲೆ ಡಬ್ಬಿಗೆ ತುಂಬಿ. ಊರಿಗೆ ಹೊರಟ ಮಗಳಿಗೆ ಬುತ್ತಿ ಕಟ್ಟುವಾಗ ಈ ಮಾತು ಮುಖ್ಯ. ಬೇಸಿಗೆಯಲ್ಲಿ ಬೇಳೆ ಹೋಳಿಗೆಯನ್ನು ಮಾರನೆಯ ದಿನದೊಳಗೆ ಮುಗಿಸಬೇಕು.

ಕಟ್ಟು ಬಹಳ ಬೇಗ ಹುಳಿಯಾಗುತ್ತದೆ. ಬಸಿದ ಕೂಡಲೇ ಹುಣಿಸೆ ರಸ, ಖಾರದಪುಡಿ, ಸ್ವಲ್ಪ ಹೂರಣ ಸೇರಿಸಿ ಸಾರು ಕುದಿಸಿಬಿಡಿ. ಹೋಳಿಗೆ ಸಾರು ಮಾರನೆಯ ದಿನವೇ ರುಚಿ ಎಂಬುದು ಎಲ್ಲರೂ ಬಲ್ಲ ಮಾತು. ನಮ್ಮ ಅಜ್ಜಿಯರು ಅದನ್ನು ಹೊತ್ತುಹೊತ್ತಿಗೆ ಕುದಿಸಿ ಕಾಯುತ್ತಿದ್ದರು. ಅದರಲ್ಲಿ ತಿಳಿವಳಿಕೆ ಇತ್ತು: ಹುಣಿಸೆಯ ಹುಳಿ ಸೂಕ್ಷ್ಮಾಣುಗಳನ್ನು ತಡೆಯುತ್ತದೆ, ಕುದಿತ ಬಹುಪಾಲನ್ನು ಕೊಲ್ಲುತ್ತದೆ. ಅನ್ನದ ವಿಷಯ ಹಾಗಲ್ಲ, ಅದರಲ್ಲಿ ಹುಳಿಯಿಲ್ಲ. ಸಾರನ್ನೂ ಬೆಚ್ಚಗೆ ಮಾಡಿದರೆ ಸಾಲದು, ಕೊತಕೊತ ಕುದಿಸಬೇಕು. ಎಂಜಲು ಸೌಟು ಅದ್ದಬಾರದು. ಕಾಯಿ ರುಬ್ಬಿ ಹಾಕಿದ ಸಾರನ್ನು ಹೆಚ್ಚು ದಿನ ಇಡಬಾರದು.

4. ಪಾತ್ರೆ, ನೀರು, ಕೈ

ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಇದೆಯೇ ನೋಡಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಸಾರು, ಮಜ್ಜಿಗೆ, ನಿಂಬೆರಸ ಇಟ್ಟರೆ ತಾಮ್ರ ಕರಗಿ ಆಹಾರಕ್ಕೆ ಸೇರಿ ವಾಂತಿಯಾಗುತ್ತದೆ. ಹಬ್ಬಕ್ಕೆ ಮುಂಚೆ ಕಲಾಯಿ ಹಾಕಿಸಿ. ಇಲ್ಲವಾದರೆ ಸ್ಟೀಲ್ ಪಾತ್ರೆ ಬಳಸಿ.

ಕುಡಿಯುವ ನೀರನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ಕುದಿಸಿ, ಆರಿಸಿ, ಮುಚ್ಚಿಡಿ. ಎಲ್ಲರೂ ಲೋಟ ಅದ್ದಿ ತೆಗೆಯುವಂತಿರಬಾರದು. ಉದ್ದ ಹಿಡಿಯ ಸೌಟು ಇಡಿ. ಕೋಸಂಬರಿಯ ಬೇಳೆ ನೆನೆಸಲು, ಸೌತೆಕಾಯಿ ತೊಳೆಯಲು ಇದೇ ನೀರು ಬಳಸಿ. ಏಕೆಂದರೆ ಕೋಸಂಬರಿ ಒಲೆ ಕಾಣದ ಪದಾರ್ಥ. ಅದನ್ನು ಊಟದ ಹೊತ್ತಿಗೆ ಸರಿಯಾಗಿ ಕಲಸಬೇಕು.

ಭೇದಿಯಾಗುತ್ತಿರುವವರು ಅಡುಗೆಗೆ ಕೈ ಹಾಕಬಾರದು. ಕೈಯಲ್ಲಿ ಕೀವಿನ ಹುಣ್ಣಿರುವವರಿಗೂ ಅಂದು ಬೇರೆ ಕೆಲಸ ಕೊಡಿ. ಹುಣ್ಣಿನ ಕೀವಿನಲ್ಲಿರುವ ಸೂಕ್ಷ್ಮಾಣು ಹೂರಣಕ್ಕೋ ಪಾಯಸಕ್ಕೋ ಸೇರಿದರೆ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ.

5. ಹೊಸತೊಡಕಿನ ದಿನ

ಹಲವು ಊರುಗಳಲ್ಲಿ ನೆರೆಹೊರೆಯವರು ಹಣ ಕೂಡಿಸಿ ಕುರಿ ತಂದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ ಉಂಟು. ಇದು ಒಳ್ಳೆಯ ಪದ್ಧತಿ. ಬೆಲೆ ಹಗುರ, ಮಾಂಸ ತಾಜಾ. ಆದರೆ ಗುಡ್ಡೆಯನ್ನು ಬರಿನೆಲದ ಮೇಲೆ ಹಾಕದೆ, ತೊಳೆದ ಬಾಳೆಲೆ ಅಥವಾ ಶುಭ್ರವಾದ ಹಾಳೆಯ ಮೇಲೆ, ನೊಣ ಮುತ್ತದಂತೆ ಹಾಕಬೇಕು. ಮುಂಜಾನೆ ತಂಪಿನಲ್ಲೇ ಕೆಲಸ ಮುಗಿಸಿ, ತಂದ ಮಾಂಸವನ್ನು ಕೂಡಲೇ ಬೇಯಿಸಬೇಕು. 20 ಜನಕ್ಕೆ 3ರಿಂದ 4 ಕಿಲೊ ಸಾಕು.

ಹಸಿ ಮಾಂಸ ಕೊಯ್ದ ಚಾಕು, ಈಳಿಗೆಮಣೆಗಳಲ್ಲಿ ಹಾಗೆಯೇ ಈರುಳ್ಳಿ, ಸೌತೆಕಾಯಿ ಹೆಚ್ಚಕೂಡದು. ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿಕೊಳ್ಳಿ, ಮಾಂಸ ಆಮೇಲೆ. ಕೋಳಿಯಾಗಲಿ ಕುರಿಯಾಗಲಿ ಒಳಗೆ ಕೆಂಪು ಉಳಿಯದಂತೆ ಬೇಯಬೇಕು.

6. ಉಳಿದದ್ದಕ್ಕೆ ದಾರಿ

ಫ್ರಿಜ್ ಇದ್ದರೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ ಒಳಗಿಡಿ. ಫ್ರಿಜ್ ಇಲ್ಲದವರು ಬಿಸಿಯಾಗಿರುವಾಗಲೇ ನೆರೆಮನೆಗೆ ಹಂಚುವುದು ಲೇಸು.

ಇಲ್ಲಿ ರೈತರು ಗಮನಿಸಬೇಕಾದ ಮಾತೊಂದಿದೆ. ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು ಒಟ್ಟಿಗೆ ಕಲಗಚ್ಚಿಗೆ ಸುರಿದು ಹಸುವಿಗೆ ಕೊಡಬೇಡಿ. ಬೆಂದ ಅನ್ನ, ಬೆಲ್ಲ ಹಸುವಿನ ಮೆಲುಕುಚೀಲದಲ್ಲಿ ಒಮ್ಮೆಲೇ ಹುಳಿಯಾಗಿ, ಮೆಲುಕು ನಿಂತು, ಹೊಟ್ಟೆ ಉಬ್ಬಿ, ಹಸು ಮಲಗಿಬಿಡುತ್ತದೆ. ಸಾಯುವುದೂ ಉಂಟು. ಪೂಜೆಯ ಒಂದು ಹಿಡಿ ಸಾಕು. ಮಿಕ್ಕದ್ದು ಗೊಬ್ಬರದ ಗುಂಡಿಗೆ. ಒಂದು ವೇಳೆ ಹೆಚ್ಚು ತಿಂದಿದ್ದರೆ ಕಾಯದೆ ಪಶುವೈದ್ಯರನ್ನು ಕರೆಸಿ.

7. ಬೇಯಿಸಿದವರ ಊಟ

ಗಂಡಸರು, ಮಕ್ಕಳು, ನೆಂಟರು ಉಂಡು ಎದ್ದ ಮೇಲೆ ಹೆಂಗಸರು ಉಣ್ಣುವಾಗ ನಾಲ್ಕು ಗಂಟೆ. ಅಷ್ಟರಲ್ಲಿ ಪಲ್ಯ ಮುಗಿದಿರುತ್ತದೆ, ಅನ್ನ ಆರಿರುತ್ತದೆ. ಎಲ್ಲಕ್ಕಿಂತ ಹಳೆಯ ಊಟ, ಎಲ್ಲಕ್ಕಿಂತ ಅಪಾಯದ ಊಟ ಬೇಯಿಸಿದವರ ಪಾಲಿಗೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಹಬ್ಬದ ಒಂದು ದಿನ ಕಾರಣವಲ್ಲ. ಕೊನೆಗೆ ಉಳಿದದ್ದನ್ನು ಉಣ್ಣುವ ವರ್ಷವಿಡೀ ಅಭ್ಯಾಸವೂ ಕಾರಣಗಳಲ್ಲೊಂದು.

ಮಾಡಬೇಕಾದ್ದು ಕಷ್ಟವೇನಲ್ಲ. ಬಡಿಸುವ ಮೊದಲೇ ಕೊನೆಯ ಪಂಕ್ತಿಯ ಪಲ್ಯ, ಮಾಂಸಗಳನ್ನು ಬೇರೆ ತೆಗೆದಿಟ್ಟು, ಮತ್ತೆ ಕುದಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಉಂಡ ಗಂಡಸರು ಎರಡನೆಯ ಪಂಕ್ತಿಗೆ ತಾವೇ ಬಡಿಸಲಿ. ಊಟದಲ್ಲಿ ಸೊಪ್ಪು, ಕಾಳು ಇರಲಿ. ಮೇಲೆ ನಿಂಬೆ ಹಿಂಡಿಕೊಂಡರೆ ಅವುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಅದು ಹತ್ತದು. ಒಂದು ಗಂಟೆ ತಡೆದು ಕುಡಿಯಿರಿ.

ಸಕ್ಕರೆ ಕಾಯಿಲೆಯ ಹಿರಿಯರಿಗೆ “ಇನ್ನೊಂದು ಹೋಳಿಗೆ” ಎಂದು ಒತ್ತಾಯ ಮಾಡಬೇಡಿ. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲೇ ಹಬ್ಬದೂಟ. ಬೇವು-ಬೆಲ್ಲವನ್ನಾಗಲಿ ಪಾಯಸವನ್ನಾಗಲಿ ನೆಕ್ಕಿಸಬೇಡಿ.

8. ವಾಂತಿ-ಭೇದಿಯಾದರೆ

ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಪೊಟ್ಟಣ ತಂದು ಹಬ್ಬಕ್ಕೆ ಮೊದಲೇ ಮನೆಯಲ್ಲಿಡಿ. ಇಲ್ಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾಗಬಾರದು. ಕೂಸಿಗೆ ಮೊಲೆಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ನಿಲ್ಲುವುದು, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಬಡಿಸಬಲ್ಲವರ ಮನೆಯ ನೆಂಟರಿಗೂ ರೋಗವಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಕಳೆದ ಹಬ್ಬದಲ್ಲಿ ಎಷ್ಟು ಅನ್ನ ಉಳಿಯಿತು? ಅದು ಎಲ್ಲಿಗೆ ಹೋಯಿತು?
2. ಸಾರನ್ನು ಮತ್ತೆ ಕುದಿಸಿದರೆ ಕ್ಷೇಮ. ಹಳಸಿದ ಅನ್ನಕ್ಕೆ ಒಗ್ಗರಣೆ ಹಾಕಿದರೆ ಕ್ಷೇಮವಲ್ಲ. ಏಕೆ?
3. ಬರುವ ಯುಗಾದಿಗೆ ಎರಡನೆಯ ಪಂಕ್ತಿಗೆ ಬಡಿಸುವವರು ಯಾರು?